ಕಬ್ಬಿನ ಟ್ರ್ಯಾಕ್ಟರ್‌ನ ಮುಂದಿನ ಗಾಲಿ ಏಳುವುದೇಕೆ? ಡಬ್ಬಿ ಜೋಡಿಸುವ ಮುನ್ನ ತಿಳಿದಿರಬೇಕಾದದ್ದು

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಬೀಳಗಿ ತಾಲ್ಲೂಕಿನ ಬಾಡಗಂಡಿಯ ಸುತ್ತ, ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ ಕಡೆಯ ರಸ್ತೆಗಳಲ್ಲಿ ರಾತ್ರಿ ಹಗಲೆನ್ನದೆ ಟ್ರ್ಯಾಕ್ಟರ್‌ಗಳ ಸಾಲು. ಒಂದೊಂದರ ಹಿಂದೆ ಎರಡೆರಡು ಡಬ್ಬಿ. ಏರು ಬಂದಾಗ ಟ್ರ್ಯಾಕ್ಟರ್‌ನ ಮುಂದಿನ ಗಾಲಿ ನೆಲ ಬಿಟ್ಟು ಏಳುವುದನ್ನೂ, ಅದನ್ನು ತಡೆಯಲು ಒಬ್ಬಿಬ್ಬರು ಬಾನೆಟ್ ಹತ್ತಿ ಕೂರುವುದನ್ನೂ ಈ ಭಾಗದವರೆಲ್ಲ ನೋಡಿರುತ್ತಾರೆ. ಲೋಡು ಹೆಚ್ಚಾಗಿದೆ, ಮುಂದೆ ಭಾರ ಹಾಕಿದರೆ ಸರಿಹೋಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಇದು ಎಷ್ಟು ನಿಜ?

ಅರ್ಧ ಮಾತ್ರ ನಿಜ. ಎಷ್ಟು ಭಾರ ಎಳೆಯುತ್ತಿದ್ದೇವೆ ಎನ್ನುವಷ್ಟೇ, ಅದನ್ನು ನೆಲದಿಂದ ಎಷ್ಟು ಎತ್ತರದಲ್ಲಿ ಕಟ್ಟಿದ್ದೇವೆ ಎನ್ನುವುದೂ ಇಲ್ಲಿ ಮುಖ್ಯ.

ಹುಕ್ಕಿನ ಎತ್ತರದ ಲೆಕ್ಕ

ಟ್ರ್ಯಾಕ್ಟರ್ ಮುಂದಕ್ಕೆ ಎಳೆದಾಗ ಡಬ್ಬಿ ಅದನ್ನು ಹಿಂದಕ್ಕೆ ಜಗ್ಗುತ್ತದೆ. ಈ ಜಗ್ಗುವಿಕೆ ಹುಕ್ಕಿನ ಎತ್ತರದಲ್ಲಿ ನಡೆಯುತ್ತದೆ, ಆದರೆ ಹಿಂದಿನ ಟೈರು ನೆಲವನ್ನು ಒತ್ತಿ ಹಿಡಿದಿರುವುದು ಕೆಳಗೆ. ಹೀಗಾಗಿ ಇಡೀ ಟ್ರ್ಯಾಕ್ಟರ್ ಹಿಂದಿನ ಗಾಲಿಯ ಮೇಲೆ ತಿರುಗಿ ಏಳಲು ನೋಡುತ್ತದೆ. ಹುಕ್ಕು ಮೇಲಿದ್ದಷ್ಟೂ ಈ ತಿರುಗುಬಲ ಹೆಚ್ಚು.

ಉದಾಹರಣೆಗೆ, 2000 ಕೆ.ಜಿ. ತೂಕದ ಟ್ರ್ಯಾಕ್ಟರ್‌ನಲ್ಲಿ ಮುಂದಿನ ಗಾಲಿಗಳ ಮೇಲೆ ಸುಮಾರು 750 ಕೆ.ಜಿ. ಇದೆ, ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ 2 ಮೀಟರ್ ಅಂತರವಿದೆ ಎಂದಿಟ್ಟುಕೊಳ್ಳೋಣ. ಏರಿನಲ್ಲಿ 1000 ಕೆ.ಜಿ.ಯಷ್ಟು ಬಲದ ಎಳೆತ ಬೇಕಾಯಿತು. ಹುಕ್ಕು 45 ಸೆಂ.ಮೀ. ಎತ್ತರದಲ್ಲಿದ್ದರೆ ಮುಂದಿನ ಗಾಲಿಯಿಂದ 225 ಕೆ.ಜಿ. ಭಾರ ಹಿಂದಕ್ಕೆ ಸರಿಯುತ್ತದೆ. ಅದೇ ಡಬ್ಬಿಯನ್ನು 90 ಸೆಂ.ಮೀ. ಎತ್ತರದಲ್ಲಿ ಕಟ್ಟಿದರೆ 450 ಕೆ.ಜಿ. ಸರಿಯುತ್ತದೆ. ಎರಡು ಚಕ್ರದ ಡಬ್ಬಿಯಾದರೆ ಅದರ ಮೂತಿ ಹುಕ್ಕನ್ನು ಕೆಳಕ್ಕೆ ಒತ್ತುವುದರಿಂದ ಮುಂದಿನ ಭಾರ ಇನ್ನಷ್ಟು ಕಡಿಮೆಯಾಗುತ್ತದೆ. ಉಳಿದ ಭಾರ ಸ್ಟೇರಿಂಗ್ ಹಿಡಿತಕ್ಕೆ ಸಾಲದು. ಗಾಲಿ ನೆಲ ಬಿಡುವ ಮುಂಚೆಯೇ ಟ್ರ್ಯಾಕ್ಟರ್ ಚಾಲಕನ ಮಾತು ಕೇಳುವುದನ್ನು ನಿಲ್ಲಿಸಿರುತ್ತದೆ.

ಇದೇ ಲೆಕ್ಕದಲ್ಲಿ ಹುಕ್ಕನ್ನು 15 ಸೆಂ.ಮೀ. ಕೆಳಗಿಳಿಸಿದರೆ ಮುಂದಿನ ಗಾಲಿಗೆ 75 ಕೆ.ಜಿ. ವಾಪಸ್ಸು ಸಿಗುತ್ತದೆ. ಅಂದರೆ, ಒಬ್ಬ ಮನುಷ್ಯ ಬಾನೆಟ್ ಮೇಲೆ ಜೀವ ಒತ್ತೆಯಿಟ್ಟು ಮಾಡುವ ಕೆಲಸವನ್ನು ಪಿನ್ನಿನ ಒಂದು ತೂತು ಮಾಡುತ್ತದೆ. ಚಾಲಕನ ಹೊರತು ಯಾರೂ ಟ್ರ್ಯಾಕ್ಟರ್ ಮೇಲೆ ಕೂರಬಾರದೆಂಬ ನಿಯಮವೂ ಇದೆ. ನಿಜಕ್ಕೂ ಮುಂದೆ ಭಾರ ಬೇಕೆನಿಸಿದರೆ ಕಂಪನಿಯೇ ಕೊಡುವ ಕಬ್ಬಿಣದ ತೂಕಗಳಿವೆ.

ಟಾಪ್ ಲಿಂಕ್ ಜೋಡಿಸುವ ಜಾಗಕ್ಕೋ, ಮೇಲೆತ್ತಿದ ಲಿಫ್ಟ್ ತೋಳುಗಳಿಗೋ ಡಬ್ಬಿಯನ್ನಾಗಲಿ, ಕೆಸರಲ್ಲಿ ಸಿಕ್ಕ ವಾಹನದ ಸರಪಳಿಯನ್ನಾಗಲಿ ಕಟ್ಟಲೇಬಾರದು. ಟ್ರ್ಯಾಕ್ಟರ್ ಹಿಮ್ಮುಖವಾಗಿ ಮಗುಚುವುದು ಹೀಗೆಯೇ. ಚಾಲಕ ಕ್ಲಚ್ ತುಳಿಯುವಷ್ಟರಲ್ಲಿ ಅದು ಮುಗಿದಿರುತ್ತದೆ.

ಪಿನ್ನಿನ ಬದಲು ಸರಳು ಹಾಕಿದರೆ ಏನಾಗುತ್ತದೆ?

ಪಿನ್ನು ಕಳೆದುಹೋದಾಗ ಕೈಗೆ ಸಿಕ್ಕ ಕಟ್ಟಡದ ಸರಳಿನ ತುಂಡನ್ನು ತೂರಿಸುವ ರೂಢಿಯಿದೆ. ಪಿನ್ನಿನ ಬಲ ಅದರ ದಪ್ಪದ ವರ್ಗಕ್ಕೆ ತಕ್ಕಂತಿರುತ್ತದೆ. 30 ಮಿ.ಮೀ. ಪಿನ್ನಿನ ಜಾಗದಲ್ಲಿ 20 ಮಿ.ಮೀ. ಸರಳು ಹಾಕಿದರೆ, ಎರಡೂ ಒಂದೇ ಉಕ್ಕಿನವಾದರೂ, ಬಲ ಅರ್ಧಕ್ಕಿಂತ ಕಡಿಮೆ. ಜತೆಗೆ ತೂತಿನೊಳಗೆ ಸಡಿಲು ಉಳಿಯುತ್ತದೆ. ಪ್ರತಿ ಗೇರ್ ಬದಲಾವಣೆಗೆ, ಪ್ರತಿ ಗುಂಡಿಗೆ ಅದರ ಮೇಲೆ ಸುತ್ತಿಗೆಯ ಏಟು ಬಿದ್ದಂತೆ. ಪಿನ್ನು ಮೇಲಿನಿಂದ ಕೆಳಗೆ ಹೋಗಬೇಕು, ಕೆಳಗೆ ಸ್ಪ್ಲಿಟ್ ಪಿನ್ನೋ ಕ್ಲಿಪ್ಪೋ ಇರಬೇಕು. ತಂತಿ ಸುತ್ತಿದರೆ ನಡೆಯುವುದಿಲ್ಲ.

ಎರಡನೇ ಡಬ್ಬಿಯ ಜೋಡಣೆಗೂ ಇದೇ ಮಾತು. ಟ್ರ್ಯಾಕ್ಟರ್ ಬಳಿಯ ಪಿನ್ನನ್ನು ನೋಡುವವರು ಮೊದಲ ಡಬ್ಬಿಯ ಬಾಲದ ಕಡೆ ನೋಡದಿರುವುದೇ ಹೆಚ್ಚು. ಎರಡೂ ಕಡೆ ಸುರಕ್ಷತಾ ಸರಪಳಿ ಬೇಕು. ಅದನ್ನು ಪಿನ್ನಿಗೇ ಸಿಕ್ಕಿಸಿದರೆ ಅರ್ಥವಿಲ್ಲ, ಪಿನ್ನು ಹೋದಾಗ ಅದೂ ಹೋಗುತ್ತದೆ. ಎಳೆಯುವ ವಾಹನದ ಚೌಕಟ್ಟಿಗೆ, ತಿರುವಿಗೆ ಬೇಕಾದಷ್ಟು ಸಡಿಲು ಬಿಟ್ಟು ಕಟ್ಟಬೇಕು.

ಜೋಡಿಸುವ ಹೊತ್ತು

ಟ್ರ್ಯಾಕ್ಟರ್ ಹಿಂದೆ ಬರುತ್ತಿರುವಾಗ ಪಿನ್ನು ಹಿಡಿದು ನಡುವೆ ನಿಲ್ಲುವ ಹುಡುಗನೇ ಇಡೀ ಕೆಲಸದಲ್ಲಿ ಅತಿ ಹೆಚ್ಚು ಅಪಾಯದಲ್ಲಿರುವವನು. ಡಬ್ಬಿ ಸಮತಟ್ಟಾದ ಜಾಗದಲ್ಲಿರಲಿ, ಗಾಲಿಗಳಿಗೆ ಕಲ್ಲು ಕೊಟ್ಟಿರಲಿ, ಮೂತಿ ಜಾಕ್ ಅಥವಾ ಗಟ್ಟಿ ಆಸರೆಯ ಮೇಲಿರಲಿ. ಟ್ರ್ಯಾಕ್ಟರ್ ಪೂರ್ತಿ ನಿಂತು, ನ್ಯೂಟ್ರಲ್‌ಗೆ ಬಂದು, ಹ್ಯಾಂಡ್ ಬ್ರೇಕ್ ಎಳೆದ ಮೇಲೆ ಮಾತ್ರ ನಡುವೆ ಹೋಗಬೇಕು. ತೂತು ಸರಿಯಾಗಿ ಕೂತಿದೆಯೇ ಎಂದು ಬೆರಳು ಹಾಕಿ ನೋಡುವುದಂತೂ ಬೇಡವೇ ಬೇಡ.

ಎರಡು ಚಕ್ರದ ಡಬ್ಬಿಯಲ್ಲಿ ಕಬ್ಬನ್ನು ಹಿಂದಕ್ಕೆ ಹೆಚ್ಚು ಜೋಡಿಸಿದರೆ ಇನ್ನೊಂದು ತೊಂದರೆ: ಮೂತಿ ಮೇಲೆದ್ದು ಟ್ರ್ಯಾಕ್ಟರ್‌ನ ಹಿಂದಿನ ಗಾಲಿಯ ಹಿಡಿತ ತಪ್ಪಿಸುತ್ತದೆ. ಅಮೆರಿಕದಲ್ಲಿ ಕಾರಿನ ಹಿಂದೆ ಎಳೆಯುವ ಕ್ಯಾಂಪಿಂಗ್ ಟ್ರೇಲರ್‌ಗಳಿಗೆ ಒಟ್ಟು ತೂಕದ ಶೇ. 10ರಿಂದ 15ರಷ್ಟು ಹುಕ್ಕಿನ ಮೇಲಿರಲಿ ಎನ್ನುತ್ತಾರೆ. ಬಾಲ ಭಾರವಾದರೆ ಅವು ಓಲಾಡತೊಡಗುತ್ತವೆ.

ಎಳೆದೀತು, ನಿಂತೀತೇ?

‘ಐವತ್ತು ಎಚ್‌ಪಿ ಗಾಡಿ, ಎಷ್ಟು ಹೇರಿದರೂ ಎಳೀತದ’ ಎನ್ನುವ ಮಾತಿನಲ್ಲಿ ಸುಳ್ಳಿಲ್ಲ. ಸಣ್ಣ ಗೇರಿನಲ್ಲಿ ಎಳೆಯುತ್ತದೆ. ಆದರೆ ನಿಲ್ಲಿಸುವುದು ಎಂಜಿನ್‌ನ ಬಲವಲ್ಲ, ಟೈರಿನ ಹಿಡಿತ. ಅನೇಕ ಡಬ್ಬಿಗಳಿಗೆ ಬ್ರೇಕೇ ಇಲ್ಲ. ಹಿಂದಿನ ಗಾಲಿಗಳ ಬ್ರೇಕಿನಿಂದ 25 ಕಿ.ಮೀ. ವೇಗದಲ್ಲಿರುವ ಖಾಲಿ ಟ್ರ್ಯಾಕ್ಟರ್ ಸುಮಾರು ಐದೂವರೆ ಮೀಟರ್‌ನಲ್ಲಿ ನಿಲ್ಲುತ್ತದೆ ಎನ್ನಿ. ಒಟ್ಟು ತೂಕ 20 ಟನ್ ಆದಾಗ ಅದೇ ಬ್ರೇಕಿಗೆ ಸಮತಟ್ಟಾದ ರಸ್ತೆಯಲ್ಲೇ 50 ಮೀಟರ್‌ಗೂ ಹೆಚ್ಚು ಬೇಕು. ನೂರು ಮೀಟರಿಗೆ ನಾಲ್ಕು ಮೀಟರ್ ಇಳಿಯುವ ರಸ್ತೆಯಲ್ಲಿ ಇಳಿಜಾರಿನ ತಳ್ಳುವಿಕೆಯೇ ಬ್ರೇಕಿನ ಬಲವನ್ನು ಬಹುತೇಕ ನುಂಗುತ್ತದೆ. ಗಾಲಿ ಉರುಳುವಾಗಿನ ಘರ್ಷಣೆ ಸ್ವಲ್ಪ ನೆರವಾದೀತು, ಅಷ್ಟೇ.

ಆದ್ದರಿಂದ ಡೀಸೆಲ್ ಉಳಿಯುತ್ತದೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವುದು ಬಲು ದುಬಾರಿ ಉಳಿತಾಯ. ಇಳಿಯುವ ಮುಂಚೆಯೇ ಸಣ್ಣ ಗೇರಿಗೆ ಬರಬೇಕು. ಹೊಲದಲ್ಲಿ ತಿರುಗಿಸಲೆಂದು ಬಿಡಿಸಿಟ್ಟ ಎಡ-ಬಲ ಬ್ರೇಕ್ ಪೆಡಲ್‌ಗಳನ್ನು ರಸ್ತೆಗೆ ಬರುವ ಮುನ್ನ ಕೊಂಡಿ ಹಾಕಿ ಕೂಡಿಸಬೇಕು. ಒಂದನ್ನೇ ತುಳಿದರೆ ಟ್ರ್ಯಾಕ್ಟರ್ ಅಡ್ಡ ತಿರುಗುತ್ತದೆ, ಹಿಂದಿನ ಡಬ್ಬಿ ಬಂದು ಅದನ್ನೇ ತಳ್ಳುತ್ತದೆ.

ಹೊರಡುವಾಗ ಹಿಂದಿನ ಡಬ್ಬಿಯ ಬಾಲದಲ್ಲಿ ಕೆಂಪು ದೀಪ, ಪ್ರತಿಫಲಕ ಪಟ್ಟಿ ಕಾಣುತ್ತಿವೆಯೇ ಎಂದು ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಬೇಕು, ಜೋತುಬಿದ್ದ ಸೋಗೆ ಅವನ್ನು ಮುಚ್ಚಿಬಿಡುತ್ತದೆ. ದಾರಿಯಲ್ಲಿ ಪಿನ್ನು ಮುರಿದೋ ಟೈರು ಒಡೆದೋ ಡಬ್ಬಿ ನಿಂತರೆ ಸುತ್ತ ಕಲ್ಲಿಡುವುದು ರೂಢಿ. ರಿಪೇರಿಯಾಗಿ ಗಾಡಿ ಹೊರಟ ಮೇಲೂ ಎಷ್ಟೋ ಸಲ ಆ ಕಲ್ಲುಗಳು ಅಲ್ಲೇ ಉಳಿಯುತ್ತವೆ, ರಾತ್ರಿ ಬರುವ ಬೈಕ್ ಸವಾರನಿಗೆ ಅವು ಕಾಣುವುದಿಲ್ಲ.