ಮೇಲೆ ಕೋಟು, ಕೆಳಗೆ ಧೋತರ

ಕಳೆದ ಡಿಸೆಂಬರಿನಲ್ಲಿ ಆಫೀಸಿನ ವಾರ್ಷಿಕ ಸಮಾರಂಭಕ್ಕೆ ‘ಬ್ಲೇಜರ್ ಕಡ್ಡಾಯ’ ಎಂದು ಮೇಲ್ ಬಂತು. ಮದುವೆಗೆ ಹೊಲಿಸಿದ ಸೂಟು ಕಪಾಟಿನಲ್ಲಿತ್ತು. ಅದರ ಕೋಟನ್ನಷ್ಟೇ ತೆಗೆದು ಖಾಕಿ ಪ್ಯಾಂಟಿನ ಮೇಲೆ ಹಾಕಿಕೊಂಡೆ. ಭುಜ ಬಿಗಿಯಾಗಿತ್ತು. ಸಡಿಲ ಮಾಡಿಸಲು ಪುಣೆಯ ಕ್ಯಾಂಪಿನ ಒಬ್ಬ ಹಿರಿಯ ದರ್ಜಿಯ ಹತ್ತಿರ ಹೋದರೆ, ಅವರು ಕನ್ನಡಕದ ಮೇಲಿಂದ ನೋಡಿ, “ಸಾಹೇಬ್, ಇದು ಬ್ಲೇಜರ್ ಅಲ್ಲ, ಪ್ಯಾಂಟು ಕಳಕೊಂಡ ಸೂಟು” ಎಂದರು. ಭುಜದ ವಿಷಯದಲ್ಲೂ ಕೈಚೆಲ್ಲಿದರು. ಸೊಂಟ, ತೋಳುದ್ದ ಎಲ್ಲ ತಿದ್ದಬಹುದು, ಭುಜ ತಿದ್ದಲು ಹೋದರೆ ಇಡೀ ಕೋಟು ಬಿಚ್ಚಬೇಕಂತೆ.

ಸೂಟಿನ ಬಟ್ಟೆ ನಯ, ತುಸು ಹೊಳಪು. ಅದು ಜೋಡಿಯಾಗಿಯೇ ಬಾಳಬೇಕಾದದ್ದು. ಒಂಟಿ ಕೋಟಿಗೆ ನೇಯ್ಗೆ ಕಣ್ಣಿಗೆ ಕಾಣುವ ಬಟ್ಟೆ ಬೇಕು, ಹೊರಗಿನಿಂದ ಹೊಲಿದ ಕಿಸೆ ಬೇಕು, ಬೇರೆ ಬಣ್ಣದ ಗುಂಡಿಯೂ ಇದ್ದರೆ ಒಳ್ಳೆಯದು. ಇಷ್ಟು ಅವರ ಪಾಠ. ಈ ಭೇದ ಎಲ್ಲಿಂದ ಬಂತು ಎಂಬ ಕುತೂಹಲಕ್ಕೆ ಓದುತ್ತಾ ಹೋದೆ.

ಸ್ಪೋರ್ಟ್ಸ್ ಜಾಕೆಟ್ಟಿನ ‘ಸ್ಪೋರ್ಟ್’ ಕ್ರಿಕೆಟ್ಟೂ ಅಲ್ಲ, ಟೆನಿಸ್ಸೂ ಅಲ್ಲ, ಬೇಟೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಜಮೀನುದಾರರು ಹಕ್ಕಿ ಹೊಡೆಯಲು ಹೋಗುವಾಗ ತೊಡುತ್ತಿದ್ದ ನಾರ್ಫೋಕ್ ಜಾಕೆಟ್ ಅದರ ಹಿರಿಯ. ಬಂದೂಕು ಎತ್ತುವಾಗ ಬಟ್ಟೆ ಜಗ್ಗಬಾರದೆಂದು ಅದಕ್ಕೆ ಅಗಲ ನೆರಿಗೆ, ತೋಟಾ ತುಂಬಿಕೊಳ್ಳಲು ದೊಡ್ಡ ಕಿಸೆ, ಸೊಂಟಕ್ಕೆ ಪಟ್ಟಿ. ಮುಳ್ಳು, ಮಳೆ ತಡೆಯಲು ಒರಟು ಟ್ವೀಡ್ ಬಟ್ಟೆ. ಕುದುರೆ ಸವಾರಿಯ ಕೋಟಿಗೆ ಹಿಂದೆ ಉದ್ದ ಸೀಳು ಬಿಟ್ಟರು, ಅಂಚು ಜೀನಿನ ಎರಡೂ ಕಡೆ ಇಳಿಬೀಳಲಿ ಎಂದು. ಇವತ್ತು ನಾವು ಮೀಟಿಂಗ್ ರೂಮಿನ ಕುರ್ಚಿಯ ಮೇಲೆ ಕೂರುವಾಗ ಹಿಂದೆ ತೆರೆದುಕೊಳ್ಳುವ ಸೀಳು ಅದೇ. ಕುದುರೆ ಹೋಯಿತು, ಸೀಳು ಉಳಿಯಿತು. ಈ ಕೋಟುಗಳು ಹಳ್ಳಿಗಾಡಿನವು, ನಗರದ ಶಿಷ್ಟಾಚಾರಕ್ಕೆ ಸಲ್ಲುತ್ತಿರಲಿಲ್ಲ. ಮೊದಲ ಮಹಾಯುದ್ಧದ ನಂತರ ವಿದ್ಯಾರ್ಥಿಗಳು ಬೂದು ಫ್ಲಾನೆಲ್ ಪ್ಯಾಂಟಿನ ಮೇಲೆ ತೊಟ್ಟು ಓಡಾಡತೊಡಗಿದ ಮೇಲೆ ಇವಕ್ಕೆ ಪೇಟೆಯಲ್ಲಿ ಜಾಗ ಸಿಕ್ಕಿತು.

ಬ್ಲೇಜರಿನದು ನೀರಿನ ವಂಶ. ‘ಬ್ಲೇಜರ್’ ಎಂಬ ಹಡಗಿನ ಕಪ್ತಾನ 1837ರಲ್ಲಿ ವಿಕ್ಟೋರಿಯಾ ರಾಣಿಯ ಎದುರು ತನ್ನ ನಾವಿಕರಿಗೆ ಒಂದೇ ತರಹದ ನೀಲಿ ಪಟ್ಟೆಯ ಜಾಕೆಟ್ ತೊಡಿಸಿದ, ರಾಣಿ ಮೆಚ್ಚಿದಳು ಎಂಬ ಕಥೆಯನ್ನು ಅಂಗಡಿಯವರು ಇಂದಿಗೂ ಹೇಳುತ್ತಾರೆ. ಬ್ರಿಟಿಷ್ ನೌಕಾಪಡೆಯ ಸಾಮಾನ್ಯ ನಾವಿಕರಿಗೆ ಅಧಿಕೃತ ಸಮವಸ್ತ್ರ ಬಂದದ್ದೇ 1857ರಲ್ಲಿ, ಅಲ್ಲಿಯವರೆಗೆ ಕಪ್ತಾನನ ಮನಸ್ಸಿಗೆ ಬಂದದ್ದೇ ವೇಷ. ಹಾಗಾಗಿ ಕಥೆ ಅಸಾಧ್ಯವೇನಲ್ಲ. ಆದರೂ ನನಗೆ ಹೆಚ್ಚು ನಂಬಿಕೆ ಕೇಂಬ್ರಿಜ್‌ನ ದೋಣಿಯ ಹುಡುಗರ ಮೇಲೆ. ಸೇಂಟ್ ಜಾನ್ಸ್ ಕಾಲೇಜಿನ ಲೇಡಿ ಮಾರ್ಗರೆಟ್ ಬೋಟ್ ಕ್ಲಬ್ ಶುರುವಾದದ್ದು 1825ರಲ್ಲಿ. ಅವರ ಫ್ಲಾನೆಲ್ ಜಾಕೆಟ್ ಉರಿಯುವ ಕೆಂಪು. ಉರಿಯುವಂಥದ್ದು, ಅದಕ್ಕೇ ಬ್ಲೇಜರ್. 1889ರಲ್ಲಿ ಲಂಡನ್ನಿನ ‘ಡೈಲಿ ನ್ಯೂಸ್’ ಪತ್ರಿಕೆಗೆ ಓದುಗರೊಬ್ಬರು ಬರೆದ ತಕರಾರು ಸಿಗುತ್ತದೆ: ನಮ್ಮ ಕಾಲದಲ್ಲಿ ಆ ಕೆಂಪು ಜಾಕೆಟ್ಟಿಗೆ ಮಾತ್ರ ಆ ಹೆಸರಿತ್ತು, ಈಗ ಸಮುದ್ರತೀರದಲ್ಲಿ ಅಡ್ಡಾಡುವವರ ಬಣ್ಣದ ಕೋಟಿಗೆಲ್ಲ ಅದೇ ಹೆಸರೇ, ಎಂದು. ಕಿಸೆಯ ಮೇಲಿನ ಲಾಂಛನಕ್ಕೂ ಇದೇ ಕ್ಲಬ್ಬಿನ ಮನಸ್ಸು. ಯಾವ ತಂಡ, ಯಾವ ಕಾಲೇಜು, ಒಳಗಿನವನೋ ಹೊರಗಿನವನೋ ಎಂದು ದೂರದಿಂದಲೇ ಗುರುತಾಗಬೇಕು.

ಇದನ್ನು ಓದುವಾಗ ಅಜ್ಜ ನೆನಪಾದರು.

ಅಜ್ಜ ಧಾರವಾಡದ ಕಡೆಯ ಶಾಲಾ ಮಾಸ್ತರರು. ಬಿಳಿ ಕಚ್ಚೆ ಧೋತರ, ಮೇಲೆ ಕರಿ ಕೋಟು, ತಲೆಗೆ ಕರಿ ಟೊಪ್ಪಿಗೆ. ನಾನು ಏಳನೆಯ ತರಗತಿಯಲ್ಲಿದ್ದಾಗ ಒಮ್ಮೆ ಶಾಲೆಗೆ ಅದೇ ವೇಷದಲ್ಲಿ ಬಂದರು. ಗೆಳೆಯರು, “ಏ, ನಿಮ್ಮ ಅಜ್ಜ ಪ್ಯಾಂಟ್ ಮರೆತು ಬಂದಾರ” ಎಂದು ನಕ್ಕರು. ಮನೆಗೆ ಮರಳುವಾಗ ನಾನು ಹತ್ತು ಹೆಜ್ಜೆ ಮುಂದೆ ನಡೆದೆ. “ಯಾಕಪಾ ತಮ್ಮಾ, ಮುಂದ ಮುಂದ ಓಡ್ತಿ?” ಎಂದು ಹಿಂದಿನಿಂದ ಕೇಳಿದರು. ನಾನು ಉತ್ತರ ಕೊಡಲಿಲ್ಲ.

1956ರವರೆಗೆ ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು. ಕಚೇರಿ, ಕೋರ್ಟು, ಶಾಲೆಗಳ ಮೂಲಕ ಕೋಟು ಬಂತು. ಸೊಂಟದ ಕೆಳಗಿನದನ್ನು ನಮ್ಮವರು ಬಿಟ್ಟುಕೊಡಲಿಲ್ಲ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಮುಂದೆ ಸೊಲ್ಲಾಪುರದಲ್ಲಿ ಪ್ರಾಧ್ಯಾಪಕರಾಗಿದ್ದ ಬೇಂದ್ರೆಯವರ ಫೋಟೋಗಳನ್ನು ನೋಡಿ, ಅದೇ ಕೋಟು, ಅದೇ ಧೋತರ. ಮೈಸೂರಿನ ಕಡೆ ಕಚ್ಚೆಪಂಚೆಯ ಮೇಲೆ ಮುಚ್ಚಿದ ಕಾಲರಿನ ಕೋಟು, ಜರಿಪೇಟ. ಇದನ್ನು ಅರೆಬರೆ ಅನುಕರಣೆ ಎಂದು ನಗುವವರಿದ್ದಾರೆ, ನನಗೆ ಹಾಗೆನಿಸುವುದಿಲ್ಲ. ನೆಲದ ಮೇಲೆ ಕೂತು ಉಣ್ಣುವವನಿಗೆ, ಬಿಸಿಲಲ್ಲಿ ನಡೆಯುವವನಿಗೆ ಧೋತರವೇ ಅನುಕೂಲ. ಧೋತರಕ್ಕೆ ಇಲ್ಲದ್ದು ಒಂದೇ, ಕಿಸೆ. ಪೆನ್ನು, ಗಡಿಯಾರ, ಚಷ್ಮಾ, ಅಡಕೆ ಚೀಲ ಇವಕ್ಕೆಲ್ಲ ಜಾಗ ಬೇಕಿತ್ತು. ಅಜ್ಜನ ಕೋಟಿಗೆ ಒಳಗೂ ಹೊರಗೂ ಸೇರಿ ಐದು ಕಿಸೆ. ಬೇಟೆಗಾರನ ಹಾಗೆಯೇ ಅವರೂ ಕೋಟನ್ನು ಕೆಲಸಕ್ಕೆ ಹಾಕಿಕೊಂಡರು. ಕೆಳಗಿನ ಉಡುಪಿಗೆ ಹೊಂದದ ಕೋಟಿಗೆ ಇಂಗ್ಲಿಷ್ ದರ್ಜಿಗಳೇ ‘ಆಡ್ ಜಾಕೆಟ್’, ಅಂದರೆ ಜೋಡಿಯಿಲ್ಲದ ಕೋಟು, ಎನ್ನುತ್ತಾರೆ. ಹಾಗೆ ನೋಡಿದರೆ ಪ್ಯಾಂಟು ಮರೆತವನು ನಾನು, ಅಜ್ಜನಲ್ಲ. ಇದನ್ನು ಹೇಳೋಣವೆಂದರೆ ಅವರು ಹೋಗಿ ಹದಿನಾಲ್ಕು ವರ್ಷವಾಯಿತು.

ಕೋಟು ಮಾತ್ರ ಊರಿನ ಟ್ರಂಕಿನಲ್ಲಿತ್ತು. ಸಂಕ್ರಾಂತಿಗೆ ಹೋದಾಗ ತಂದು ದರ್ಜಿಗೆ ಕೊಟ್ಟೆ. ಅಸ್ತರನ್ನು ಬೆರಳಲ್ಲಿ ಉಜ್ಜಿ, ಕೈಹೊಲಿಗೆ ಎಂದು ಮೆಚ್ಚಿದರು. ನನಗೆ ಹೊಂದಿಸಿಕೊಡಿ ಎಂದೆ. ಭುಜಕ್ಕೆ ಟೇಪು ಹಿಡಿದು ತಲೆಯಾಡಿಸಿದರು, ಅಜ್ಜನದು ನನಗಿಂತ ಎರಡಿಂಚು ಕಿರಿದು. ಕೊನೆಗೆ ಪುಣೆಯ ಸೆಕೆಗೆ ತಡೆಯಲೆಂದು ಜಾಳು ನೇಯ್ಗೆಯ ನೀಲಿ ಉಣ್ಣೆ ಬಟ್ಟೆ ಆರಿಸಿದೆವು. ಬೆನ್ನಿಗೆ ಅರ್ಧ ಮಾತ್ರ ಅಸ್ತರು. ಎದೆಯ ಕಿಸೆಗೆ ಲಾಂಛನ ಹಚ್ಚಲೇ, ಒಳ್ಳೊಳ್ಳೆಯವು ಇವೆ ಎಂದು ಡಬ್ಬಿ ತೆರೆದರು. ಸಿಂಹ, ಕಿರೀಟ, ಎರಡು ಹುಟ್ಟು. ನಾನು ಯಾವ ದೋಣಿಗೂ ಹುಟ್ಟು ಹಾಕಿದವನಲ್ಲ, ಬೇಡ ಎಂದೆ. ಹಿತ್ತಾಳೆ ಗುಂಡಿಯನ್ನೂ ಬೇಡವೆಂದೆ. ಅಜ್ಜನ ಕೋಟಿನ ಐದು ಕರಿ ಗುಂಡಿಗಳಲ್ಲಿ ಮೂರು ಗಟ್ಟಿಯಾಗಿದ್ದವು. ಮುಂಭಾಗಕ್ಕೆ ಎರಡು ಸಾಕು, ಕೆಳಗಿನದನ್ನು ಹೇಗೂ ಹಾಕುವುದಿಲ್ಲವಲ್ಲ ಎಂದು ಅವರು ಕತ್ತರಿ ತೆಗೆದುಕೊಂಡರು.