ಹಡಗಿನ ಡೀಸೆಲ್ ಎಂಜಿನೂ ಸಾರಜನಕದ ಆಕ್ಸೈಡುಗಳೂ

ಬೆಂಗಳೂರಿನ ನಗರ್ತಪೇಟೆಯು ನಗರ್ತರೆಂಬ ವರ್ತಕ ಸಮುದಾಯದಿಂದ ಹೆಸರು ಪಡೆದ ಬೀದಿ. ಅದು ಕಡಲಿಗೆ ಬಹುದೂರದ ಪೇಟೆಯಾದರೂ, ದೇಶಾಂತರದ ಭಾರಿ ಸರಕು ಅಲ್ಲಿಗೆ ಮುಟ್ಟಬೇಕಾದರೆ ಮೊದಲು ಯಾವುದಾದರೊಂದು ರೇವಿನಲ್ಲಿ ಇಳಿಯಲೇಬೇಕು. ಆ ಸರಕನ್ನು ಹೊರುವ ಹಡಗುಗಳು ಇಂದು ಬಹುಮಟ್ಟಿಗೆ ಡೀಸೆಲ್ ಎಂಜಿನಿನಿಂದ ನಡೆಯುವುವು. ಸಾಗಣೆಯ ವೆಚ್ಚವು ವರ್ತಕನ ಖಾತೆಗೆ ಹತ್ತುವುದುಂಟು. ಹೊಗೆಯ ವೆಚ್ಚವು ಬಹುಕಾಲ ಯಾರ ಖಾತೆಗೂ ಹತ್ತಲಿಲ್ಲ.

ರುಡಾಲ್ಫ್ ಡೀಸೆಲನ ಎಂಜಿನು ಜರ್ಮನಿಯ ಔಗ್ಸ್‌ಬರ್ಗಿನಲ್ಲಿ 1897ರಲ್ಲಿ ಸಾರ್ಥಕವಾಗಿ ನಡೆಯಿತು. ಗಾಳಿಯನ್ನು ಬಲವಾಗಿ ಅದುಮಿ, ಹಾಗೆ ಅದುಮಿದುದರಿಂದಲೇ ಹುಟ್ಟಿದ ಕಾವಿನಲ್ಲಿ ಎಣ್ಣೆಯನ್ನು ಉರಿಸುವುದು ಅದರ ಮರ್ಮ. 1912ರಲ್ಲಿ ಕೋಪನ್‌ಹೇಗನ್ನಿನ ‘ಸೆಲಾಂಡಿಯ’ ಎಂಬ ಹಡಗು ಈ ಎಂಜಿನಿನ ಬಲದಿಂದ ಬ್ಯಾಂಕಾಕಿನವರೆಗೆ ಪಯಣಮಾಡಿತು. ಹಬೆಯ ಹಡಗಿನ ಕಾಲವು ಅಲ್ಲಿಂದ ಇಳಿಮುಖವಾಯಿತೆನ್ನಬಹುದು. ಮರುವರ್ಷವೇ ಡೀಸೆಲನು ಇಂಗ್ಲೆಂಡಿಗೆ ಹೋಗುತ್ತಿದ್ದ ಹಬೆಯ ಹಡಗಿನಿಂದ ಕಾಣೆಯಾದುದು ವಿಧಿಯ ವೈಚಿತ್ರ್ಯ.

ಈ ಎಂಜಿನಿನ ಗುಣವೇ ಅದರ ದೋಷಕ್ಕೂ ಮೂಲವು. ಉರಿಯು ಎಷ್ಟು ತೀಕ್ಷ್ಣವೋ ಎಣ್ಣೆಯಲ್ಲಿ ಅಷ್ಟು ಮಿತವ್ಯಯ. ಆದರೆ ಕಾವು ಸುಮಾರು 1,500 ಡಿಗ್ರಿ ಸೆಂಟಿಗ್ರೇಡನ್ನು ಮೀರಿತೆಂದರೆ, ಸಾಮಾನ್ಯವಾಗಿ ಜಡವಾಗಿರುವ ಗಾಳಿಯ ಸಾರಜನಕವು ಆಮ್ಲಜನಕದೊಡನೆ ಕೂಡಿ ಆಕ್ಸೈಡುಗಳಾಗುವುದು. ಈ ಕ್ರಿಯೆಯ ಕ್ರಮವನ್ನು ರಷ್ಯದ ಜೆಲ್ಡೋವಿಚನು 1946ರಲ್ಲಿ ವಿಶದಪಡಿಸಿದನು. ಹೀಗೆ ಹುಟ್ಟುವ ವಿಷಾನಿಲವು ಶ್ವಾಸಕೋಶವನ್ನು ಕೆಡಿಸುವುದಲ್ಲದೆ, ಬಿಸಿಲಿನಲ್ಲಿ ಓಜೋನನ್ನೂ ಮಳೆಯಲ್ಲಿ ಆಮ್ಲವನ್ನೂ ಹುಟ್ಟಿಸುವುದು. ಇದೇ ಸಂಯೋಗವನ್ನು ಸಾಧಿಸುವುದಕ್ಕಾಗಿಯೇ ನಾರ್ವೆಯ ಬಿರ್ಕೆಲಂಡ್ ಮತ್ತು ಐಡೆ ಎಂಬುವರು 1903ರಲ್ಲಿ ವಿದ್ಯುಜ್ಜ್ವಾಲೆಯಲ್ಲಿ ಗಾಳಿಯನ್ನು ಸುಟ್ಟು ಗೊಬ್ಬರಕ್ಕೆ ದಾರಿಮಾಡಿದ್ದರೆಂಬುದು ಇಲ್ಲಿ ಸ್ಮರಣೀಯ.

ಕಡಲಿಗೆ ಒಡೆಯನಿಲ್ಲವಾದುದರಿಂದ ನಿಬಂಧನೆ ತಡವಾಗಿ ಬಂದಿತು. 1990ರ ಸುಮಾರಿಗೆ ಕೊರಿಯದಿಂದ ಕ್ಯಾಲಿಫೋರ್ನಿಯಕ್ಕೆ ಉಕ್ಕನ್ನು ಸಾಗಿಸುತ್ತಿದ್ದ ಕೆಲವು ಹಡಗುಗಳಲ್ಲಿ ಶೋಧಕಯಂತ್ರವನ್ನು ಹೂಡಿದುದು ಆ ದಡದ ಅಧಿಕಾರಿಗಳ ನಿರ್ಬಂಧದಿಂದ. 1997ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಜಾರಿಗೆ ಬಂದುದು 2005ರಲ್ಲಿ. ನಿಧಾನವಾಗಿ ತಿರುಗುವ ದೊಡ್ಡ ಎಂಜಿನು ಒಂದು ಕಿಲೋವಾಟ್-ಗಂಟೆಗೆ ಬಿಡಬಹುದಾದ ಆಕ್ಸೈಡು, 2000ದಿಂದ ಕಟ್ಟಿದ ಹಡಗಿಗೆ 17 ಗ್ರಾಂ, 2011ರಿಂದ ಕಟ್ಟಿದುದಕ್ಕೆ 14.4 ಗ್ರಾಂ. ಮೂರನೆಯ ಮಿತಿಯಾದ 3.4 ಗ್ರಾಂ ಮಾತ್ರ ಗೊತ್ತುಪಡಿಸಿದ ವಲಯಗಳಿಗೆ ಸಲ್ಲುವುದು: ಉತ್ತರ ಅಮೆರಿಕದ ಕರೆಗಳಲ್ಲಿ 2016ರಿಂದಲೂ, ಬಾಲ್ಟಿಕ್ ಮತ್ತು ಉತ್ತರ ಸಮುದ್ರಗಳಲ್ಲಿ 2021ರಿಂದಲೂ ಕಟ್ಟಿದ ಹಡಗುಗಳಿಗೆ.

ಉರಿಯ ಕಾವನ್ನು ತಗ್ಗಿಸುವುದು ಒಂದು ಉಪಾಯ. ಹೊಗೆಯಲ್ಲಿ ಒಂದು ಪಾಲನ್ನು ತಣಿಸಿ ಎಂಜಿನಿಗೆ ಹಿಂದಿರುಗಿಸುವುದು, ಎಣ್ಣೆಗೆ ನೀರು ಬೆರಸುವುದು ಈ ಬಗೆಯವು. ಇವುಗಳಲ್ಲಿ ಮಿತವ್ಯಯಕ್ಕೆ ಸ್ವಲ್ಪ ಲೋಪ ತಪ್ಪದು. ಇನ್ನೊಂದು, ಹೊಗೆಯನ್ನು ಆಮೇಲೆ ಶೋಧಿಸುವುದು. ರೈತನಿಗೆ ಪರಿಚಿತವಾದ ಯೂರಿಯವನ್ನು ನೀರಿನಲ್ಲಿ ಕರಗಿಸಿ ಬಿಸಿಹೊಗೆಗೆ ಚಿಮುಕಿಸಿದರೆ ಅದು ಅಮೋನಿಯವಾಗಿ, ವೆನೇಡಿಯಂ ಮೊದಲಾದವುಗಳ ವೇಗವರ್ಧಕದ ಮೇಲೆ ಆಕ್ಸೈಡನ್ನು ಮರಳಿ ಸಾರಜನಕವನ್ನಾಗಿಯೂ ನೀರನ್ನಾಗಿಯೂ ಮಾಡುವುದು. ಆದರೆ ಗಂಧಕವುಳ್ಳ ಎಣ್ಣೆಯ ಹೊಗೆಯಾದರೆ ಅದಕ್ಕೆ ಸುಮಾರು 300 ಡಿಗ್ರಿ ಕಾವು ಬೇಕು. ರೇವಿನ ಬಳಿ ಹಡಗು ಮೆಲ್ಲಗೆ ಸಾಗುವಾಗ ಹೊಗೆ ತಣ್ಣಗಾಗಿ ವೇಗವರ್ಧಕದ ಮೇಲೆ ಲವಣ ಕಟ್ಟುವುದು. ಎಂಜಿನಿನ ಪರೀಕ್ಷೆಯಾದರೋ ಪೂರ್ಣಶಕ್ತಿಯ ಕಾಲುಪಾಲಿಗಿಂತ ಕೆಳಗಿಳಿಯುವುದಿಲ್ಲ. ವೇಗವು ಐದರಲ್ಲಿ ಮೂರು ಪಾಲಿಗೆ ತಗ್ಗಿದ ಹಡಗು ಬಳಸುವ ಶಕ್ತಿ ಅದಕ್ಕಿಂತಲೂ ಕಡಿಮೆ. ಜನರಿರುವ ದಡದ ಹತ್ತಿರದಲ್ಲಿಯೇ ಶೋಧಕವು ಕೈಕೊಡುವ ಸಂಭವವುಂಟೆಂದು ಇದರಿಂದ ಸಿದ್ಧವಾಗುವುದು.

ಕರ್ಣಾಟಕದ ಕರಾವಳಿಗೆ ಅಷ್ಟೂ ಇಲ್ಲ. ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ದೇಶದ ಒಂಬತ್ತನೆಯ ಪ್ರಧಾನ ಬಂದರೆನಿಸಿತು. ಭಾರತದ ಕರೆಗಳಾವುವೂ ಮೇಲಿನ ವಲಯಗಳಲ್ಲಿ ಸೇರಿಲ್ಲವಾದುದರಿಂದ, ಶೋಧಕವನ್ನು ಹೊತ್ತ ಹಡಗೇ ಬಂದರೂ ಇಲ್ಲಿ ಅದನ್ನು ನಡೆಸಲೇಬೇಕೆಂಬ ಕಟ್ಟಳೆ ಈ ಒಪ್ಪಂದದಲ್ಲಿಲ್ಲ. ಯೂರಿಯಕ್ಕೆ ಹಣ ತೆರಬೇಕಾದ ಒಡೆಯನು ಒತ್ತಾಯವಿಲ್ಲದೆ ತೆರುವನೆಂದು ನಂಬುವುದು ಕಷ್ಟ.

ನಗರ್ತಪೇಟೆಯಿಂದ ಕೆಲವೇ ಮೈಲಿ ದೂರದ ಭಾರತೀಯ ವಿಜ್ಞಾನ ಮಂದಿರದಲ್ಲಿ ಈ ದೋಷಕ್ಕೆ ಬೇರೊಂದು ಮದ್ದನ್ನು ಅರಸಿದುದು ಗಮನಾರ್ಹ. ಅಧಿಕ ವಿದ್ಯುದ್ಬಲದ ಶಾಖೆಯ ಬಿ. ಎಸ್. ರಜನೀಕಾಂತ್ ಮತ್ತು ಅವರ ಸಂಗಡಿಗರು ಈ ಶತಮಾನದ ಆದಿಯಿಂದ ಡೀಸೆಲ್ ಹೊಗೆಯ ಮೇಲೆ ವಿದ್ಯುತ್‌ಸ್ರಾವವನ್ನು ಹಾಯಿಸಿ ಪ್ರಯೋಗಗಳನ್ನು ನಡೆಸಿದರು. ನಾರ್ವೆಯವರ ಜ್ವಾಲೆ ಆಕ್ಸೈಡನ್ನು ಹುಟ್ಟಿಸಿದರೆ, ಇವರ ತಣ್ಣನೆಯ ಸ್ರಾವವು ಅದನ್ನು ಹಿಡಿಯಲು ಅನುಕೂಲವಾದ ರೂಪಕ್ಕೆ ತಿರುಗಿಸುವುದು. ಹೀಗೆ ತಿರುಗಿದುದನ್ನು ಹೀರಲು, ಬಾಕ್ಸೈಟಿನಿಂದ ಅಲ್ಯೂಮಿನವನ್ನು ತೆಗೆದ ಮೇಲೆ ಉಳಿಯುವ ಕೆಂಪು ಕೆಸರನ್ನೂ ಬಳಸಿ ನೋಡಿದರು. ಪ್ರಯೋಗಗಳು ಸಣ್ಣ ಎಂಜಿನಿನ ಹೊಗೆಯ ಮೇಲೆ ನಡೆದುವು; ಹಡಗಿನ ಎಂಜಿನಿನ ಹೊಗೆಯ ಪ್ರಮಾಣವೇ ಬೇರೆ. ಆದರೆ ಈ ಮಾರ್ಗಕ್ಕೆ 300 ಡಿಗ್ರಿಯ ಕಾವು ಬೇಕಾಗಿಲ್ಲ.