ವರ್ಲಿಯಲ್ಲೊಂದು ಪುಟ್ಟ ಜಪಾನ್

ಜಪಾನಿಗೆ ಹೋಗಿ ಬಂದವರ ಫೋಟೋಗಳು ಈಗ ಎಲ್ಲರ ಮೊಬೈಲಿನಲ್ಲೂ ಇವೆ. ಚೆರ್ರಿ ಹೂವು, ಕ್ಯೋಟೋದ ಕೆಂಪು ಕಮಾನುಗಳು, ನಾರಾದ ಜಿಂಕೆಗಳು. ನಮ್ಮ ನಾಲ್ವರು ಗೆಳತಿಯರ ಗುಂಪಿನಲ್ಲೂ ಎರಡು ವರ್ಷಗಳಿಂದ ಇದೇ ಮಾತು. ಅಲ್ಲಿನ ದೇವಾಲಯ ನೋಡೋಣ, ಒಬೋನ್ ಹಬ್ಬದ ಹೊತ್ತಿಗೇ ಹೋಗೋಣ ಎಂದು. ಒಬ್ಬಳಿಗೆ ರಜೆ ಸಿಕ್ಕರೆ ಇನ್ನೊಬ್ಬಳ ಮಗನಿಗೆ ಪರೀಕ್ಷೆ, ಮತ್ತೊಬ್ಬಳ ಅತ್ತೆಗೆ ಮಂಡಿ ಆಪರೇಷನ್. ನನ್ನ ಕಥೆಯಂತೂ ಐಟಿಯವರಿಗೆಲ್ಲ ಗೊತ್ತಿರುವುದೇ, ರಜೆ ಹಾಕಿದ ವಾರವೇ ರಿಲೀಸ್ ಬರುತ್ತದೆ. ಕೊನೆಗೆ ಬ್ಯಾಂಕಿನಲ್ಲಿರುವ ಧಾರವಾಡದ ಗೆಳತಿ ಲೆಕ್ಕ ಹಾಕಿ ಹೇಳಿದಳು, "ಟಿಕೆಟ್ಟಿನ ರೊಕ್ಕ ಹಂಗ ಇರ್ಲಿ, ಮೊದಲ ಈ ಊರಾಗ ಇರೋ ಜಪಾನ್ ನೋಡೂಣು."

ಹಾಗೆ ಶುರುವಾಯಿತು ನಮ್ಮ ಭಾನುವಾರದ ತಿರುಗಾಟ. ವರ್ಲಿಯ ಜಪಾನಿ ಬೌದ್ಧ ದೇವಾಲಯ, ಬೊರಿವಲಿಯ ಕನ್ಹೇರಿ ಗುಹೆಗಳು, ಡಾ. ಇ. ಮೋಸೆಸ್ ರಸ್ತೆಯ ಜಪಾನಿ ಸ್ಮಶಾನ. ಮೂರು ಭಾನುವಾರ, ಖರ್ಚು ಲೋಕಲ್ ಟ್ರೇನಿನದು. ನೋಡಿ ಬಂದ ಮೇಲೆ ಓದಿದ್ದೇ ಹೆಚ್ಚು.

ವರ್ಲಿಯ ಆ್ಯನಿ ಬೆಸೆಂಟ್ ರಸ್ತೆಯಲ್ಲಿ ಪೋದ್ದಾರ್ ಆಸ್ಪತ್ರೆಯ ಎದುರಿಗೆ ನಿಪ್ಪೊನ್‌ಜಾನ್ ಮ್ಯೋಹೋಜಿ ದೇವಾಲಯವಿದೆ. ಬಸ್ಸಿನ ಕಿಟಕಿಯಿಂದ ಎಷ್ಟೋ ಜನ ದಿನವೂ ನೋಡಿರುತ್ತೀರಿ, ಒಳಗೆ ಹೋದವರು ಕಡಿಮೆ. ಬಿರ್ಲಾ ಮನೆತನದ ನೆರವಿನಿಂದ 1956ರಲ್ಲಿ ಕಟ್ಟಿದ್ದು. ಕಟ್ಟಿಸಿದವರು ನಿಚಿದಾತ್ಸು ಫುಜೀ ಎಂಬ ಭಿಕ್ಷು. 1885ರ ಆಗಸ್ಟ್ 6ರಂದು ಜಪಾನಿನ ದಕ್ಷಿಣದ ಕ್ಯೂಶೂ ದ್ವೀಪದ ಕುಮಾಮೊಟೊ ಪ್ರಾಂತ್ಯದಲ್ಲಿ ಹುಟ್ಟಿದವರು. (ಈ ಪ್ರಾಂತ್ಯದ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.) 13ನೇ ಶತಮಾನದ ನಿಚಿರೆನ್ ಎಂಬ ಗುರು, ಬುದ್ಧನ ಧರ್ಮ ಒಂದು ದಿನ ಜಪಾನಿನಿಂದ ತವರಾದ ಭಾರತಕ್ಕೆ ಮರಳುತ್ತದೆ ಎಂದಿದ್ದರಂತೆ. ಆ ಮಾತನ್ನು ನಿಜ ಮಾಡಲು ಫುಜೀ 1931ರಲ್ಲಿ ಕಲಕತ್ತೆಗೆ ಬಂದಿಳಿದರು. ಕೈಯಲ್ಲಿ ಬೀಸಣಿಗೆಯಂತಹ ಒಂದು ನಗಾರಿ, ಬಾಯಲ್ಲಿ ಒಂದೇ ಮಂತ್ರ. 1933ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿಯನ್ನು ಕಂಡರು. 'ಗುರೂಜಿ' ಎಂಬ ಹೆಸರು ಅವರಿಗೆ ಅಂಟಿದ್ದು ಅಲ್ಲಿಂದ. ಅವರ ಮಂತ್ರ ಸೇವಾಗ್ರಾಮದ ಪ್ರಾರ್ಥನೆಯಲ್ಲಿ ಸೇರಿಕೊಂಡಿತು. ಯುದ್ಧ ಶುರುವಾಗಿ ಆಶ್ರಮದಲ್ಲಿದ್ದ ಜಪಾನಿ ಭಿಕ್ಷುವನ್ನು ಪೊಲೀಸರು ಹಿಡಿದೊಯ್ದ ಮೇಲೂ ಗಾಂಧೀಜಿ ಅದನ್ನು ಬಿಡಲಿಲ್ಲ. ಹಿರೋಷಿಮಾದ ನಂತರ ಫುಜೀ ಶಾಂತಿಸ್ತೂಪಗಳನ್ನು ಕಟ್ಟತೊಡಗಿದರು. ರಾಜಗೀರಿನದು 1969, ಧೌಲಿಯದು 1972. ಹಿರೋಷಿಮಾದ ಮೇಲೆ ಬಾಂಬು ಬಿದ್ದದ್ದು ಆಗಸ್ಟ್ 6ರಂದು, ಅವರ ಹುಟ್ಟುಹಬ್ಬದ ದಿನವೇ.

ಮಂತ್ರ ಇದು: ನಮು ಮ್ಯೋಹೋ ರೆಂಗೆ ಕ್ಯೋ. ಸದ್ಧರ್ಮಪುಂಡರೀಕ ಸೂತ್ರಕ್ಕೆ ನಮಸ್ಕಾರ ಎಂದರ್ಥ. 'ನಮು' ಎಂದರೆ ನಮ್ಮ 'ನಮಃ'ವೇ. ಒಳಗೆ ಬುದ್ಧನ ಎದುರು ದೊಡ್ಡ ನಗಾರಿ, ಅದರ ಪೆಟ್ಟಿಗೆ ಸರಿಯಾಗಿ ಮಂತ್ರ. ಪ್ರವಚನವಿಲ್ಲ, ಪ್ರಸಾದದ ಕ್ಯೂ ಇಲ್ಲ. ಹತ್ತು ನಿಮಿಷ ಕೂತರೆ ಎದೆಯ ಬಡಿತ ಯಾವುದು ನಗಾರಿ ಯಾವುದು ಎಂದು ತಿಳಿಯುವುದಿಲ್ಲ.

ಈ ಸೂತ್ರದಲ್ಲಿ ನಾಗರಾಜನ ಎಂಟು ವರ್ಷದ ಮಗಳೊಬ್ಬಳ ಕಥೆಯಿದೆ. ಹೆಣ್ಣಿಗೆ ಬುದ್ಧತ್ವ ಸಿಕ್ಕೀತೇ ಎಂದು ಹಿರಿಯರು ಅನುಮಾನಿಸುವಾಗ ಅವಳು ಕ್ಷಣದಲ್ಲಿ ಬುದ್ಧತ್ವ ಪಡೆದು ತೋರಿಸುತ್ತಾಳೆ. ಆದರೆ ನಡುವೆ ಗಂಡಾಗಿ ಬದಲಾಗಿ! ಈ ಭಾಗ ಹೇಳಿದಾಗ ನಮ್ಮ ಗುಂಪಿನಲ್ಲಿ ಎದ್ದ ನಗು ದೇವಾಲಯದ ಮೌನಕ್ಕೆ ತಕ್ಕುದಾಗಿರಲಿಲ್ಲ. ಜಪಾನಿನಲ್ಲೂ ಕೋಯಾಸಾನ್‌ನಂತಹ ಪವಿತ್ರ ಬೆಟ್ಟಗಳಿಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ನಿಷೇಧವನ್ನು ಸರ್ಕಾರ ತೆಗೆದದ್ದು 1872ರಲ್ಲಿ. ಅಲ್ಲಿಯವರೆಗೆ ಬೆಟ್ಟದ ಬಾಗಿಲಲ್ಲಿ 'ಹೆಂಗಸರ ಛತ್ರ'ದ ತನಕ ಬಂದು, ಹೊರಗಿನಿಂದಲೇ ಕೈಮುಗಿದು ಹೋಗುತ್ತಿದ್ದರು.

ಎರಡನೆಯ ಭಾನುವಾರ ಕನ್ಹೇರಿ. ಇದರಲ್ಲಿ ಜಪಾನೇನು ಬಂತು ಎಂದು ನೀವು ಕೇಳಬಹುದು. ಅಲ್ಲಿನ 41ನೇ ಗುಹೆಯಲ್ಲಿ ಹನ್ನೊಂದು ತಲೆಯ ಅವಲೋಕಿತೇಶ್ವರನ ಶಿಲ್ಪವಿದೆ. ವಯಸ್ಸು ಸುಮಾರು ಒಂದೂವರೆ ಸಾವಿರ ವರ್ಷ. ಮುಖ್ಯ ತಲೆಯ ಮೇಲೆ ಸಣ್ಣ ತಲೆಗಳು ಗೋಪುರದಂತೆ ಏರಿವೆ. ನಮ್ಮ ದೇಶದಲ್ಲಿ ಈ ರೂಪ ಬಹಳ ಅಪರೂಪ, ಜಪಾನಿನಲ್ಲಿ ಊರೂರಿಗೂ ಇದೆ. ಅಲ್ಲಿ ಇದರ ಹೆಸರು ಕನ್ನೋನ್. ಲೋಕದ ಅಳು ಕೇಳಿಸಿಕೊಳ್ಳುವ ದೇವರು. ಚೀನಾ ದಾಟಿ ಜಪಾನಿಗೆ ಹೋಗುವಷ್ಟರಲ್ಲಿ ಈ ದೇವರು ಜನರ ಮನಸ್ಸಿನಲ್ಲಿ ತಾಯಿಯೇ ಆಗಿಬಿಟ್ಟ. ಸೂತ್ರದಲ್ಲಿ ನಾಗಕನ್ಯೆ ಗಂಡಾದಳು, ದಾರಿಯಲ್ಲಿ ಅವಲೋಕಿತೇಶ್ವರ ಹೆಣ್ಣಾದ. ಲೆಕ್ಕ ಸರಿಹೋಯಿತು ಎಂದಳು ಬ್ಯಾಂಕಿನವಳು.

ನಮ್ಮ ಮಂಗಳೂರಿನ ಗೆಳತಿಗೆ ಮಾತ್ರ ಅಚ್ಚರಿ ಬೇರೆಯದು. ಅವಳು ಚಿಕ್ಕಂದಿನಿಂದ ಕೈಮುಗಿದ ಕದ್ರಿ ಮಂಜುನಾಥ ದೇವಸ್ಥಾನದ ಲೋಕೇಶ್ವರ ಎಂದರೆ ಇದೇ ಅವಲೋಕಿತೇಶ್ವರ. ಮೂರು ಮುಖ, ಆರು ಕೈಗಳ ಆ ಕಂಚಿನ ಮೂರ್ತಿಯನ್ನು ಆಳುಪ ಅರಸ ಕುಂದವರ್ಮ ಪ್ರತಿಷ್ಠಾಪಿಸಿದ್ದು ಕ್ರಿ.ಶ. 968ರಲ್ಲಿ, ಪೀಠದ ಶಾಸನವೇ ಆ ಜಾಗವನ್ನು ಕದಿರಿಕಾ ವಿಹಾರ ಎನ್ನುತ್ತದೆ. ಕದ್ರಿ, ಕನ್ಹೇರಿ, ಕ್ಯೋಟೋ ಒಂದೇ ದೇವರ ಮೂರು ವಿಳಾಸಗಳು.

ಸ್ವಲ್ಪ ಮುಂದೆ 90ನೇ ಗುಹೆಯಲ್ಲಿ ಅದೇ ದೇವರ ಸುತ್ತ ಸಣ್ಣ ಸಣ್ಣ ದೃಶ್ಯಗಳು: ಆನೆ ಅಟ್ಟಿಸಿಕೊಂಡು ಬಂದಿದೆ, ಸಿಂಹ ಎರಗಿದೆ, ಹಡಗು ಮುಳುಗುತ್ತಿದೆ, ಜನ ಕೂಗುತ್ತಿದ್ದಾರೆ. ಕೂಗಿದವರನ್ನು ಕಾಪಾಡುವ ಈ ಚಿತ್ರ ಬರುವುದು ಸದ್ಧರ್ಮಪುಂಡರೀಕದಲ್ಲೇ. ಅಂದರೆ ವರ್ಲಿಯಲ್ಲಿ ನಗಾರಿ ಬಾರಿಸಿ ಹೆಸರು ಹೇಳುವ ಪುಸ್ತಕದ ಒಂದು ಪುಟವನ್ನು ಬೊರಿವಲಿಯಲ್ಲಿ ಎಂದೋ ಕಲ್ಲಿನಲ್ಲಿ ಕೆತ್ತಿಟ್ಟಿದ್ದಾರೆ. (ಅದೇ ಗುಹೆಯಲ್ಲಿ 1009 ಮತ್ತು 1021ರಲ್ಲಿ ಬಂದ ಪಾರಸಿ ಯಾತ್ರಿಕರು ಪಹ್ಲವಿ ಲಿಪಿಯಲ್ಲಿ ತಮ್ಮ ಹೆಸರು ಬರೆದು ಹೋಗಿದ್ದಾರೆ. ಗೋಡೆಯ ಮೇಲೆ ಹೆಸರು ಕೆತ್ತುವ ಪ್ರವಾಸಿಗರ ಚಟ ಹೊಸದಲ್ಲ.) ಸೋಪಾರ, ಕಲ್ಯಾಣದ ವರ್ತಕರು ದಾನ ಕೊಟ್ಟು ಬೆಳೆಸಿದ ಗುಹೆಗಳಿವು. ಮುಳುಗುವ ಹಡಗಿನ ಭಯ ಅವರಿಗೆ ಕಥೆಯಲ್ಲ.

ಹಡಗು ಎಂದಮೇಲೆ ಹತ್ತಿಯ ಮಾತು ಬರಲೇಬೇಕು. ಮುಂಬಯಿ–ಜಪಾನ್ ನಂಟಿನ ಪುಸ್ತಕಗಳೆಲ್ಲ ಅಲ್ಲಿಂದಲೇ ಶುರುವಾಗುತ್ತವೆ. 1893ರಲ್ಲಿ ಜಮ್‌ಶೆಟ್‌ಜಿ ಟಾಟಾ ಜಪಾನಿಗೆ ಹೋಗಿ ನಿಪ್ಪೊನ್ ಯೂಸೆನ್ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡರು. ಬ್ರಿಟಿಷ್ ಹಡಗು ಕಂಪನಿಯ ದುಬಾರಿ ಬಾಡಿಗೆಯಿಂದ ತಪ್ಪಿಸಿಕೊಳ್ಳುವುದು ಉದ್ದೇಶ. ಆ ನವೆಂಬರಿನಲ್ಲಿ 'ಹಿರೋಷಿಮಾ ಮಾರು' ಎಂಬ ಹಡಗು ಕೋಬೆಯಿಂದ ಮುಂಬಯಿಗೆ ಹೊರಟಿತು. ಮರುವರ್ಷ ಇಲ್ಲಿ ಜಪಾನಿನ ಕಾನ್ಸುಲೇಟ್. ಅದೇ 1893ರ ಮೇ 31ರಂದು ಮುಂಬಯಿ ಬಂದರಿನಿಂದಲೇ ಹೊರಟ ಸ್ವಾಮಿ ವಿವೇಕಾನಂದರು ಜಪಾನಿನ ದೇವಾಲಯಗಳನ್ನು ಸುತ್ತಿ, ಅಲ್ಲಿ ಹಳೆಯ ಬಂಗಾಳಿ ಅಕ್ಷರಗಳಲ್ಲಿ ಬರೆದ ಸಂಸ್ಕೃತ ಮಂತ್ರಗಳನ್ನು ಕಂಡು ಯೊಕೊಹಾಮಾದಿಂದ ಕಾಗದ ಬರೆದರು. 1898ರಲ್ಲಿ ನಮ್ಮ ವಿಶ್ವೇಶ್ವರಯ್ಯನವರು ಹೋದರು, ಆಗ ಅವರು ಮುಂಬಯಿ ಸರ್ಕಾರದ ಎಂಜಿನಿಯರು. ನೋಡಿದ್ದು ದೇವಾಲಯಕ್ಕಿಂತ ಶಾಲೆ, ಕಾರ್ಖಾನೆಗಳನ್ನೇ ಇರಬೇಕು.

ಟಾಟಾ, ಸ್ವಾಮೀಜಿ, ಸರ್ ಎಂ.ವಿ., ಫುಜೀ ಗುರೂಜಿ. ಎಲ್ಲರೂ ದೊಡ್ಡವರು, ಎಲ್ಲರೂ ಗಂಡಸರು. ಆ ಕಾಲದಲ್ಲಿ ಜಪಾನಿನಿಂದ ಮುಂಬಯಿಗೆ ಬಂದ ಹೆಂಗಸರಿರಲಿಲ್ಲವೇ? ಇದ್ದರು. ಮೂರನೆಯ ಭಾನುವಾರ ನಾವು ಹೋದದ್ದು ಅವರನ್ನು ಹುಡುಕಿಕೊಂಡು.

ಮಹಾಲಕ್ಷ್ಮಿ ಸ್ಟೇಷನ್ನಿನಿಂದ ವರ್ಲಿ ನಾಕಾದ ಕಡೆ ಹೋಗುವ ಡಾ. ಇ. ಮೋಸೆಸ್ ರಸ್ತೆಗೆ ಹಿಂದೆ ಹೇನ್ಸ್ ರೋಡ್ ಎಂಬ ಹೆಸರಿತ್ತು. ಅಲ್ಲಿ ಹಿಂದೂ ಸ್ಮಶಾನದ ಪಕ್ಕದಲ್ಲೇ ಜಪಾನೀಯರ ಸ್ಮಶಾನ. ಸಣ್ಣ ಅಂಗಳ, ಜಪಾನಿ ಅಕ್ಷರಗಳ ಕಲ್ಲುಗಳು. ಈ ಊರಿನಲ್ಲಿ ತೀರಿಕೊಂಡ ಜಪಾನೀಯರ ನೆನಪಿಗೆ ಉಳಿದಿರುವ ಜಾಗ. ವರ್ತಕರಿದ್ದರು, ನಾವಿಕರಿದ್ದರು, 'ಕರಾಯುಕಿ–ಸಾನ್' ಎಂದು ಕರೆಸಿಕೊಂಡ ಹುಡುಗಿಯರೂ ಇದ್ದರು. ಆ ಪದಕ್ಕೆ 'ಪರದೇಶಕ್ಕೆ ಹೋದವಳು' ಎಂದಷ್ಟೇ ಅರ್ಥ. ನಮ್ಮ ಕಡೆ 'ಮುಂಬಯಿಗೆ ಹೋದವಳು' ಎಂದು ದನಿ ತಗ್ಗಿಸಿ ಹೇಳುತ್ತಿದ್ದ ಹಾಗೆ.

ಇವರಲ್ಲಿ ಹೆಚ್ಚಿನವರು ಕ್ಯೂಶೂವಿನ ಶಿಮಾಬಾರಾ ಮತ್ತು ಅಮಾಕುಸಾದ ಬಡ ರೈತರ, ಮೀನುಗಾರರ ಮಕ್ಕಳು. ಹೊಲ ಸಣ್ಣದು, ಮನೆಯಲ್ಲಿ ಬಾಯಿಗಳು ಹೆಚ್ಚು. ದಲ್ಲಾಳಿ ಬಂದು ತಂದೆಯ ಕೈಗೆ ಮುಂಗಡ ಕೊಡುತ್ತಿದ್ದ, ಪರದೇಶದಲ್ಲಿ ಒಳ್ಳೆ ಕೆಲಸವಿದೆ ಎನ್ನುತ್ತಿದ್ದ. ಕುಚಿನೋತ್ಸು ಬಂದರಿನಿಂದ ಕಲ್ಲಿದ್ದಲು ಹಡಗುಗಳ ತಳದಲ್ಲಿ, ಕತ್ತಲೆಯಲ್ಲಿ ಅಡಗಿಸಿ ಸಾಗಿಸುತ್ತಿದ್ದರು. ಹಾಂಗ್‌ಕಾಂಗ್, ಸಿಂಗಾಪುರ, ರಂಗೂನ್, ಕೊನೆಗೆ ಮುಂಬಯಿ. ಇಳಿದ ದಿನವೇ ದಾರಿಖರ್ಚು, ಬಟ್ಟೆ, ಊಟ ಎಲ್ಲ ಅವಳ ಸಾಲದ ಖಾತೆಗೆ. ತೀರಿಸುವ ದಾರಿ ಒಂದೇ. ಇಲ್ಲಿ ಅವರನ್ನು ಇರಿಸಿದ್ದು ಕಾಮಾಠಿಪುರದಲ್ಲಿ. ಯುರೋಪಿನ ಹೆಂಗಸರೂ ಇದ್ದ ಅಲ್ಲಿನ ಬೀದಿಗೆ ಜನ ಇಟ್ಟ ಹೆಸರು 'ಸಫೇದ್ ಗಲ್ಲಿ'. ಪೊಲೀಸರ ದಾಖಲೆಗಳಲ್ಲಿ ಅವರು ಬರುತ್ತಾರೆ, ಜನಾಂಗದ ಕಾಲಂ ತುಂಬಲು. ದಿನವಿಡೀ ಡೇಟಾಬೇಸ್ ನೋಡುವ ನನಗೆ ಇದು ಹೊಸದಲ್ಲ, ಕಾಲಂ ಇದ್ದಮಾತ್ರಕ್ಕೆ ಮನುಷ್ಯರು ಕಾಣುವುದಿಲ್ಲ.

ಅವರು ಊರಿಗೆ ಕಳಿಸುತ್ತಿದ್ದ ಹಣ ಬೇಕಿದ್ದಷ್ಟು ದಿನ ಜಪಾನಿನ ಸರ್ಕಾರ ಸುಮ್ಮನಿತ್ತು. ದೇಶ ದೊಡ್ಡದಾದ ಮೇಲೆ ಅದೇ ಹುಡುಗಿಯರು ದೇಶಕ್ಕೆ ಅವಮಾನವಾಗಿ ಕಂಡರು. 1920ರ ಹೊತ್ತಿಗೆ ಕಾನ್ಸುಲೇಟುಗಳ ಮೂಲಕ ಈ ವ್ಯವಹಾರ ಮುಚ್ಚಿಸಲು ಹೊರಟರು. ಮರಳಿದವರನ್ನು ಊರು ಹತ್ತಿರ ಸೇರಿಸಲಿಲ್ಲ. ಯಾಮಾಝಾಕಿ ತೊಮೊಕೊ ಎಂಬ ಲೇಖಕಿ ಅಮಾಕುಸಾದ ಅಂಥ ಒಬ್ಬ ಮುದುಕಿಯ ಗುಡಿಸಲಿನಲ್ಲಿ ವಾರಗಟ್ಟಲೆ ಜೊತೆಗಿದ್ದು ಅವಳ ಬದುಕನ್ನು ಕೇಳಿಸಿಕೊಂಡು 1972ರಲ್ಲಿ ಪುಸ್ತಕ ಬರೆದರು. 1974ರಲ್ಲಿ ಅದು 'ಸಂಡಾಕನ್ 8' ಎಂಬ ಸಿನೆಮಾ ಆಯಿತು. ಮುದುಕಿಯ ಪಾತ್ರ ಮಾಡಿದ ಕಿನುಯೊ ತನಾಕಾಗೆ ಬರ್ಲಿನ್ ಪ್ರಶಸ್ತಿ ಬಂತು. ಅದರ ಕೊನೆಯಲ್ಲಿ ಬೋರ್ನಿಯೋದ ಕಾಡಿನೊಳಗೆ ಈ ಹೆಂಗಸರ ಗೋರಿಗಳು ಸಿಗುತ್ತವೆ, ಎಲ್ಲವೂ ಜಪಾನಿಗೆ ಬೆನ್ನು ತಿರುಗಿಸಿ ನಿಂತಿವೆ.

ಅಮಾಕುಸಾ ಇರುವುದು ಕುಮಾಮೊಟೊ ಪ್ರಾಂತ್ಯದಲ್ಲಿ. ಫುಜೀ ಗುರೂಜಿಯ ಪ್ರಾಂತ್ಯ! ಒಂದೇ ಸೀಮೆಯಿಂದ ಒಬ್ಬರು ಬುದ್ಧನ ಧರ್ಮ ಮರಳಿಸಲು ಬಂದರು, ಅವರಿಗಿಂತ ಮೊದಲೇ ಎಷ್ಟೋ ಮಕ್ಕಳು ಅಪ್ಪನ ಸಾಲ ತೀರಿಸಲು ಬಂದಿದ್ದರು. ಒಬ್ಬರ ಹೆಸರು ಎಲ್ಲ ಪುಸ್ತಕದಲ್ಲಿದೆ.

ಆ ಅಂಗಳದಲ್ಲಿ ಧಾರವಾಡದವಳು ಬಹಳ ಹೊತ್ತು ಮಾತಾಡಲಿಲ್ಲ. ಹೊರಗೆ ಬಂದಮೇಲೆ ಹೇಳಿದಳು, "ಜಪಾನಿನ ಹುಡಿಗ್ಯಾರು ಹ್ವಾದ ಮ್ಯಾಲೆ ಆ ಗಲ್ಲಿಗೆ ಬಂದವ್ರು ಯಾರಂತ ಗೊತ್ತೈತೇನು?" ಗೊತ್ತಿದೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಸೀಮೆಯಿಂದ ಮುತ್ತು ಕಟ್ಟಿಸಿಕೊಂಡ ಹುಡುಗಿಯರು, ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ. ದಲ್ಲಾಳಿ, ಮುಂಗಡ, ಸಾಲದ ಖಾತೆ, ಊರಿಗೆ ಮನಿಯಾರ್ಡರ್ ಎಲ್ಲ ಅದೇ. ಮುಂಬಯಿ ಪ್ರಾಂತ್ಯ 1934ರಲ್ಲಿ, ಕರ್ನಾಟಕ 1982ರಲ್ಲಿ ದೇವದಾಸಿ ಪದ್ಧತಿಯ ವಿರುದ್ಧ ಕಾನೂನು ಮಾಡಿದವು. ಕಾಮಾಠಿಪುರದಲ್ಲಿ ಕನ್ನಡ ಕೇಳಿಸುವುದು ಆಮೇಲೂ ನಿಲ್ಲಲಿಲ್ಲ. ಮುಂಬಯಿ ಕನ್ನಡಿಗರ ಇತಿಹಾಸ ಎಂದರೆ ನಾವು ಉಡುಪಿ ಹೋಟೆಲು, ರಾತ್ರಿ ಶಾಲೆ, ಯಕ್ಷಗಾನ, ಸಂಘಗಳ ವಜ್ರಮಹೋತ್ಸವ ಎಂದು ಬರೆಯುತ್ತೇವೆ. ಬರೆಯಬೇಕಾದ್ದೇ. ಇವರೂ ಮುಂಬಯಿ ಕನ್ನಡತಿಯರೇ ಎಂದು ಯಾವ ಸ್ಮರಣ ಸಂಚಿಕೆಯಲ್ಲೂ ನಾನು ಓದಿಲ್ಲ. ಆದ್ದರಿಂದ ಇಲ್ಲಿ ಬರೆದೆ.

ಒಬೋನ್ ಹಬ್ಬದ ವಿಷಯ ಮೊದಲು ಎತ್ತಿದ್ದೆ. ಜಪಾನಿನ ಬಹುಪಾಲು ಊರುಗಳಲ್ಲಿ ಅದು ಆಗಸ್ಟ್ ನಡುವಿನಲ್ಲಿ, ನಮ್ಮ ಪಿತೃಪಕ್ಷದ ಹಾಗೆ. ದೀಪ ಹಚ್ಚಿ ಹಿರಿಯರನ್ನು ಮನೆಗೆ ಕರೆಯುತ್ತಾರೆ, ಊಟ ಇಡುತ್ತಾರೆ, ಕುಣಿಯುತ್ತಾರೆ, ದೀಪವನ್ನು ನೀರಿಗೆ ಬಿಟ್ಟು ಕಳಿಸಿಕೊಡುತ್ತಾರೆ. ಬುದ್ಧನ ಶಿಷ್ಯ ಮೌದ್ಗಲ್ಯಾಯನ ಸತ್ತ ತಾಯಿ ಪ್ರೇತಲೋಕದಲ್ಲಿ ಹಸಿದಿರುವುದನ್ನು ಕಂಡು, ಅವಳನ್ನು ಬಿಡಿಸಲು ಮಾಡಿದ ದಾನದಿಂದ ಈ ಹಬ್ಬ ಹುಟ್ಟಿತು ಎನ್ನುತ್ತಾರೆ. ಕೇಳುವವರಿಲ್ಲದೆ ಸತ್ತವರಿಗೂ ಆಗ ಒಂದು ಪಾಲು ಅನ್ನ ಇಡುವ ಪದ್ಧತಿಯಿದೆ. ನಮ್ಮಲ್ಲಿ ಸರ್ವಪಿತೃ ಅಮಾವಾಸ್ಯೆಯಂದು ತಿಥಿ ಗೊತ್ತಿಲ್ಲದವರನ್ನೂ ನೆನೆಯುವಂತೆ.

ಈ ವರ್ಷದ ಸರ್ವಪಿತೃ ಅಮಾವಾಸ್ಯೆಯ ಸಂಜೆ ನಾವು ನಾಲ್ವರು ವರ್ಲಿಗೆ ಹೋಗುತ್ತೇವೆ. ನಗಾರಿಯ ಹೊತ್ತಿಗೆ ದೇವಾಲಯದಲ್ಲಿರಬೇಕೆಂದು ಲೆಕ್ಕ. ಜೊತೆಗೆ ಬರುವವರು ಐದು ಗಂಟೆಗೆ ಮಹಾಲಕ್ಷ್ಮಿ ಸ್ಟೇಷನ್ನಿನ ಹೊರಗೆ ಸಿಗಿ. ಹೂವು ನಾನು ತರುತ್ತೇನೆ.